ಮೀನಿನ ಬೀಜಕ್ಕೆ ಬಟ್ಟೆ ಚೀಲ

ಆಗ ನನಗೆ ಅರವತ್ತೇಳು; ಅದಾಗಿ ಐದು ವರ್ಷವಾಯಿತು. ಮೀನಿನ ಬೀಜ ತರಲು ಬಟ್ಟೆ ಚೀಲ ಹಿಡಿದು ಹೋದವನು ಈ ಭೂಮಿಯ ಮೇಲೆ ನನ್ನ ಮೈದುನ ಒಬ್ಬನೇ ಇರಬೇಕು!

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಲವತ್ತು ವರ್ಷ ಇಡ್ಲಿ-ವಡೆಯ ಹೋಟೆಲು ನಡೆಸಿದ ಮನುಷ್ಯ. ಮೀನಿನ ವಾಸನೆ ಬಂದರೆ ರಸ್ತೆ ದಾಟುವವನು. ನನ್ನವರು ತೀರಿಕೊಂಡ ಆರನೇ ತಿಂಗಳಿಗೆ ಹೋಟೆಲು ಮುಚ್ಚಿ, ಕಲ್ಯಾಣದ ಆಚೆ ಜಾಗ ಹಿಡಿದು, ಹೊಂಡ ತೋಡಿಸಿ, ಆಡು, ಕೋಳಿ, ಮೀನು ಸಾಕುತ್ತೇನೆ ಎಂದ. "ನಾವು ಗಂಡ ಹೆಂಡತಿ ಇಬ್ರೇ ಸಾಲುದಿಲ್ಲ ಅತ್ತಿಗೆ, ನೀವೂ ಬನ್ನಿ" ಎಂದು ನನ್ನನ್ನು ಮಂಚದ ಸಮೇತ ಟೆಂಪೋ ಹತ್ತಿಸಿದ. ಆಗ ನಾನು ಮಂಚ ಬಿಟ್ಟು ಏಳುತ್ತಿರಲಿಲ್ಲ. ಅಳುತ್ತಿದ್ದೆ ಎಂದುಕೊಳ್ಳಬೇಡಿ, ಎದ್ದು ಮಾಡುವುದಾದರೂ ಏನಿತ್ತು? ಅಲ್ಲಿಗೆ ಹೋಗಿಯೂ ಮಲಗಿದೆ.

ಹೋಟೆಲಿನ ಬೋರ್ಡು ದಂಡವಾಗಬಾರದೆಂದು ಅದನ್ನು ಆಡಿನ ಕೊಟ್ಟಿಗೆಗೆ ಬಾಗಿಲು ಮಾಡಿದ. 'ಶುದ್ಧ ಶಾಕಾಹಾರಿ' ಎಂದು ದೊಡ್ಡ ಅಕ್ಷರ. ನನಗೆ ಓದಲು ಬರುವುದೇ ಅಷ್ಟು. ಸುಳ್ಳೇನಲ್ಲ ಬಿಡಿ, ಆಡುಗಳು ಇನ್ನೇನು ತಿನ್ನುತ್ತವೆ?

ಆಮೇಲೆ ಬೀಜ. ಮೀನಿನ ಮರಿಗೆ ಇಲ್ಲಿ 'ಮತ್ಸ್ಯಬೀಜ' ಎನ್ನುತ್ತಾರೆ. ಇವನು ಮೆಂತೆಯ ಹಾಗೆ ಏನೋ ಇರಬೇಕೆಂದುಕೊಂಡು ನನ್ನ ಬಟ್ಟೆ ಚೀಲ ಎತ್ತಿಕೊಂಡು ಪನ್ವೇಲ್ ಕಡೆ ಹೋದ. ಅವರು ಕೊಟ್ಟದ್ದು ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಒಳಗೆ ಬೆರಳುದ್ದದ ಮರಿಗಳು. ಅದನ್ನು ಬಟ್ಟೆ ಚೀಲದೊಳಗಿಟ್ಟು, ಎದೆಗವಚಿಕೊಂಡು ಲೋಕಲ್ ರೈಲು ಹತ್ತಿದ. ಮುಂಬ್ರಾದಲ್ಲಿ ಜನ ನುಗ್ಗಿದಾಗ "ಸಂಭಾಲ್‌ಕೇ, ಛೋಟೇ ಬಚ್ಚೇ ಹೈ", ಜೋಪಾನ, ಸಣ್ಣ ಮಕ್ಕಳಿದ್ದಾರೆ ಎಂದನಂತೆ. ಯಾರೋ ಪುಣ್ಯಾತ್ಮ ಎದ್ದು ಸೀಟು ಕೊಟ್ಟ. ಚೀಲದೊಳಗೆ ಇಣುಕಿದ ಮೇಲೆ ಕಲ್ಯಾಣದವರೆಗೂ ಅವನು ತೆರೆದ ಬಾಯಿ ಮುಚ್ಚಲಿಲ್ಲವಂತೆ!

ಮೀನು ದಪ್ಪವಾದವು. ಕೊಳ್ಳಲು ಬಂದವನಿಗೆ ಇವನು ಉಪ್ಪಿಟ್ಟು, ಚಹಾ ಕೊಟ್ಟು, ಇನ್ನೂ ಸಣ್ಣವು ಎಂದು ಸಾಗಹಾಕಿದ. ಮೂರನೇ ಸಲವೂ ಹಾಗೆಯೇ. ನನಗೆ ಸಾಕಾಯಿತು. ನಾಳೆ ಡೊಂಬಿವಲಿಗೆ ಹೊರಡುತ್ತೇನೆಂದು ಸೀರೆಗಳನ್ನು ಅದೇ ಬಟ್ಟೆ ಚೀಲಕ್ಕೆ ತುರುಕಿ ಕೇಳಿದೆ: "ತಿನ್ನುದಿಲ್ಲ, ಮಾರುದಿಲ್ಲ. ಮತ್ತೆ ಇದೆಲ್ಲ ಎಂತಕ್ಕೆ ಮಾರಾಯ?"

ಅವನು ಕೋಳಿಗಳ ಕಡೆ ನೋಡುತ್ತ ಹೇಳಿದ: "ಅಣ್ಣ ಹೋದ ಮೇಲೆ ನೀವು ನೀವಾಗಿಯೇ ಎದ್ದದ್ದು ಒಂದೇ ಸಲ ಅತ್ತಿಗೆ. ಕಿಟಕಿಯಲ್ಲಿ ಕಾಗೆ ಕೂಗಿತ್ತು, ಅನ್ನ ಹಾಕ್ಲಿಕ್ಕೆ ಎದ್ರಿ. ಕಾಗೆ ಸಾಕ್ಲಿಕ್ಕೆ ಆಗ್ತದಾ?"

ಮರುದಿನ ಬೆಳಿಗ್ಗೆ ಅವನು ಏಳುವ ಮೊದಲೇ ಎದ್ದು, ಚೀಲದ ಸೀರೆಗಳನ್ನು ಮಂಚದ ಮೇಲೆ ಸುರಿದು, ಅದರಲ್ಲಿ ತವುಡು ತುಂಬಿಕೊಂಡು ಹೊಂಡದ ಕಡೆ ಹೋದೆ.