ಸ್ಟೋರ್ ಕೀಪರ್ ಬರೆದ ಆಜ್ಞೆ

ಕಂಪ್ಯೂಟರ್ ತಪ್ಪು ಮಾಡೋದಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಸುಮ್ನೆ ತಲೆಯಾಡಿಸ್ತೀನಿ. ಅದರ ಮುಂದೆ ಕೂರೋರು ಮನುಷ್ಯರು, ಹಾಗಾಗಿ ಎಡವಟ್ಟುಗಳು ಆಗ್ತಾನೇ ಇರ್ತವೆ. ಎಂಬತ್ತರ ದಶಕದ ಮಧ್ಯದಲ್ಲಿ ಯಶವಂತಪುರದ ಒಂದು ಪಂಪ್ ಕಾರ್ಖಾನೆಯಲ್ಲಿ ನಾನು ಪ್ರೋಗ್ರಾಮರ್ ಆಗಿದ್ದೆ. ಅದು ಏನು ಕೆಲಸ ಅಂತ ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಯಾರಿಗೂ ತಿಳಿಯದು. ಟಿವಿ ಕೆಟ್ಟರೆ ನನ್ನನ್ನು ಕರೀತಿದ್ರು.

೧. ಹೇಳಿ ಅಭ್ಯಾಸ ಇಲ್ಲ

ಸಾಮಾನು ಇಡೋ ನಮ್ಮ ಸ್ಟೋರ್ಸ್‌ಗೆ ಕಂಪ್ಯೂಟರಿನ ಒಂದು ಟರ್ಮಿನಲ್ ಬಂತು. ಕಪ್ಪು ಪರದೆ, ಹಸಿರು ಅಕ್ಷರ. ಅದಕ್ಕೆ ನಾನೊಂದು ಚೌಕಟ್ಟು ಬರೆದೆ. ಒಂದು ಆಜ್ಞೆಗೆ ಹೆಸರಿಡಬೇಕು, ಅದು ಏನೇನು ಪ್ರಶ್ನೆ ಕೇಳಬೇಕು, ಉತ್ತರ ಸಿಕ್ಕ ಮೇಲೆ ಏನು ಮಾಡಬೇಕು ಅಂತ ಒಂದು ಫೈಲಿನಲ್ಲಿ ಸಾಲಾಗಿ ಬರೆದಿಡಬೇಕು. ಆಮೇಲೆ ಹೆಸರು ಟೈಪ್ ಮಾಡಿದರೆ ಸಾಕು, ಮಷೀನು ಕೆಲಸ ಶುರು ಮಾಡುತ್ತೆ. ಅಕ್ಷರ ಇಂಗ್ಲಿಷು, ಮಾತು ಕನ್ನಡ. 'ತೋರಿಸು' ಅಂದರೆ ಸಾಮಾನು ಎಷ್ಟಿದೆ ಅಂತ ತೋರಿಸುತ್ತೆ, 'ವಿತರಣೆ' ಅಂದರೆ ಹೊರಗೆ ಕೊಟ್ಟಿದ್ದನ್ನ ಬರ್ಕೊಳ್ಳುತ್ತೆ.

ಸ್ಟೋರ್ ಕೀಪರ್ ಅಟ್ಟೂರಿನವರು, ದಿನಾ ಸೈಕಲ್ ತುಳ್ಕೊಂಡು ಬರೋರು. ಇಂಥ ಸಾಮಾನು ಬೇಕು ಅಂತ ಸಹಿ ಮಾಡಿದ ಇಂಡೆಂಟ್ ಚೀಟಿ ಇಲ್ಲದೆ ಯಾರಿಗೂ ಒಂದು ವಾಷರ್ ಕೂಡ ಕೊಟ್ಟವರಲ್ಲ. ಮ್ಯಾನೇಜರ್‌ಗೂ ಕೊಟ್ಟಿರಲಿಲ್ಲ, ಅವರಿಗೆ ಅದೇ ಕೋಪ. "ಇದನ್ನ ಒಂದು ತಿಂಗಳಲ್ಲಿ ಕಲೀಬೇಕು. ಇಲ್ಲಾಂದ್ರೆ ನಾಗಸಂದ್ರದ ಗೋಡೌನ್‌ಗೆ ಹೋಗ್ಲಿ," ಅಂದುಬಿಟ್ಟರು. ಆ ಗೋಡೌನ್‌ನಲ್ಲಿ ಇದ್ದದ್ದು ತುಕ್ಕು ಹಿಡಿದ ಗುಜರಿ ಮಾತ್ರ.

"ಬ್ಯಾಡದ್ದನ್ನ ಆಕೋ ಜಾಗ ಅದು. ನನ್ನನ್ನೂ ಅಲ್ಲಿಗೆ ಆಕೌರೆ ಅಂತ ಮನೇಲಿ ಎಂಗೆ ಯೋಳ್ಲಿ ಸ್ವಾಮಿ?" ಅಂದರು ಸ್ಟೋರ್ ಕೀಪರ್. ನನಗೆ ನಿಜವಾಗ್ಲೂ ಸಂಕಟ ಆಯ್ತು.

ಮೊದಲ ದಿನ ಕೀಬೋರ್ಡ್ ಮುಂದೆ ಕೈ ಕಟ್ಕೊಂಡು ಕೂತರು. "ಆಜ್ಞೆ ಕೊಡಿ," ಅಂದೆ.

"ಇಪ್ಪತ್ತೈದು ವರ್ಸದಿಂದ ಯೋಳಿಸ್ಕೊಂಡೋನು ನಾನು. ಯೋಳಿ ಅಭ್ಯಾಸ ಇಲ್ಲ."

"ಮನೇಲಿ?"

"ಅಲ್ಲೂ ಇಲ್ಲ."

೨. ಮಾನ್ಯರೇ

ಎರಡನೇ ವಾರ ಒಂದೇ ಬೆರಳಲ್ಲಿ ಟೈಪ್ ಮಾಡೋದು ಕಲಿತರು. ಒಂದು ಬೆಳಗ್ಗೆ ಹೋಗಿ ನೋಡ್ತೀನಿ, ಪರದೆ ತುಂಬ ಅರ್ಜಿ. "ಮಾನ್ಯರೇ, ಅರ್ಧ ಇಂಚಿನ ಬೋಲ್ಟುಗಳನ್ನು ದಯವಿಟ್ಟು ತೋರಿಸಬೇಕಾಗಿ ವಿನಂತಿ. ಇಂತಿ ತಮ್ಮ ವಿಧೇಯ" ಅಂತ ಬರೆದು ಕೆಳಗೆ ಹೆಸರು ಹಾಕಿದ್ದರು. ಒಂದೊಂದು ಸಾಲಿಗೂ ಮಷೀನು "ಇಂಥ ಆಜ್ಞೆ ಗೊತ್ತಿಲ್ಲ" ಅಂತ ಉತ್ತರ ಕೊಟ್ಟಿತ್ತು.

"ಬರೀ 'ತೋರಿಸು' ಅಂದ್ರೆ ಸಾಕಲ್ರೀ."

"ಗುರುತು ಪರಿಚಯ ಇಲ್ದೋರ ಅತ್ರ ಅಂಗೆ ಒರಟಾಗಿ ಮಾತಾಡದಾ ಸ್ವಾಮಿ?"

ಅವರ ಮಾತು ಮನೆಗೆ ಹೋಗೋ ಬಸ್ಸಿನಲ್ಲೂ ತಲೆಯಲ್ಲೇ ಇತ್ತು. ಇಷ್ಟು ವರ್ಷದ ಮರ್ಯಾದೆಯನ್ನ ನನ್ನ ಪ್ರೋಗ್ರಾಮಿಗೋಸ್ಕರ ಅವರು ಯಾಕೆ ಬಿಡಬೇಕು? ಮಾರನೇ ದಿನ 'ಮಾನ್ಯರೇ' ಅಂತಲೇ ಒಂದು ಆಜ್ಞೆ ಬರೆದು ಸೇರಿಸಿದೆ. ಅದನ್ನ ಟೈಪ್ ಮಾಡಿದರೆ ಮಷೀನು "ಹೇಳಿ" ಅನ್ನುತ್ತೆ, ಬೇರೇನೂ ಮಾಡಲ್ಲ. ಅವತ್ತಿನಿಂದ ಮೊದಲು 'ಮಾನ್ಯರೇ', ಆಮೇಲೆ 'ತೋರಿಸು' ಅಂತ ಅವರ ಬೆರಳು ಓಡಿತು. ಮಷೀನು ಒಳ್ಳೇ ಮನೆತನದ್ದು ಅಂತ ಕ್ಯಾಂಟೀನ್‌ನಲ್ಲಿ ಹೇಳ್ಕೊಂಡು ಬಂದರಂತೆ.

೩. ಹದಿನೆಂಟು ವರ್ಷದ ಒಂದು

ಮ್ಯಾನೇಜರ್‌ಗೆ ತಾಳ್ಮೆ ಎಲ್ಲಿ? ಮೂರನೇ ವಾರ ತಮ್ಮ ಟೈಪಿಸ್ಟನ್ನೇ ಸ್ಟೋರ್ ಕೀಪರ್ ಕುರ್ಚಿಗೆ ಕಳಿಸಿದರು. ಧಾರವಾಡದ ಕಡೆಯವರು, ಮತ್ತಿಕೆರೆಯಲ್ಲಿ ವಾಸ, ಬೆರಳಿನ ವೇಗ ಭಯಂಕರ. ಹನ್ನೊಂದನೇ ನಂಬರಿನ ಸಾಮಾನು ಕೇಳಿದರು. ಅಂಥದ್ದು ಇಲ್ಲ ಅಂತು ಮಷೀನು. ಹನ್ನೆರಡೂ ಇಲ್ಲ, ಹದಿಮೂರೂ ಇಲ್ಲ. ಮಧ್ಯಾಹ್ನದವರೆಗೂ ತಲೆ ಕೆರ್ಕೊಂಡು ಕೊನೆಗೆ ಅವರ ಬೆರಳು ನೋಡಿದೆ. ಅವರ ಹಳೇ ಟೈಪ್‌ರೈಟರ್‌ನಲ್ಲಿ ಒಂದು ಅನ್ನೋ ಅಂಕಿಗೆ ಕೀಲಿಯೇ ಇರಲಿಲ್ಲ. ನೋಡೋಕೆ ಹಾಗೇ ಇರುತ್ತೆ ಅಂತ ಚಿಕ್ಕ 'ಎಲ್' ಅಕ್ಷರ ಹೊಡೀತಿದ್ರು. ಇಲ್ಲೂ ಅದನ್ನೇ ಹೊಡೆದಿದ್ದರು.

"ಮೇಡಂ, ಅದು ಒಂದಲ್ಲ."

"ಹದಿನೆಂಟ್ ವರ್ಷದಿಂದ ಇದ ಒಂದ್ರೀ. ಸಾಹೇಬ್ರು ನೋಡಿ ನೋಡಿ ಸಹಿ ಮಾಡ್ಯಾರ. ನಿಮ್ಮ ಡಬ್ಬೀದೇನ್ ತಕರಾರು?" ಅಂದವರೇ ಎದ್ದು ತಮ್ಮ ಟೈಪ್‌ರೈಟರ್‌ಗೆ ವಾಪಸ್ ಹೋದರು.

೪. ತಿಂಗಳ ಕೊನೇ ದಿನ

ಅಷ್ಟರಲ್ಲಿ ಸ್ಟೋರ್ ಕೀಪರ್, "ಈ ಆಜ್ಞೆನ ನಾನೇ ಬರೀಬೋದಾ?" ಅಂತ ಕೇಳಿದರು. 'ವಿತರಣೆ'ಯ ಫೈಲು ತೆಗೆದುಕೊಟ್ಟು, ಸಾಮಾನು ಕೇಳೋಕೆ ಬಂದವರನ್ನ ನೀವು ಏನೇನು ಕೇಳ್ತೀರೋ ಅದನ್ನೇ ಬರೀರಿ ಅಂದೆ. ಎರಡು ದಿನ ಕೂತು ಬರೆದರು. ನಾನು ಬೆಳಗ್ಗೆ ಹತ್ತು ಗಂಟೆಗೆ ಒಂದು ಸಲ ಓಡಿಸಿದೆ, ಓಡಿತು. ಪೂರ್ತಿ ಓದಲಿಲ್ಲ, ಅದು ನನ್ನ ತಪ್ಪು.

ಕೊನೇ ದಿನ ಮ್ಯಾನೇಜರ್ ಬಂದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. "ಏಳಿ, ನಾನೇ ನೋಡ್ತೀನಿ," ಅಂತ ಕೂತು 'ವಿತರಣೆ' ಟೈಪ್ ಮಾಡಿದರು. ಸ್ಟೋರ್ ಕೀಪರ್ ಹಿಂದೆ ನಿಂತು ಬೆವರ್ತಿದ್ರು.

"ಇಂಡೆಂಟ್ ಇದೆಯಾ?" ಅಂತು ಪರದೆ. ಹೌದು ಅಂತ ಒತ್ತಿದರು.

"ಸಹಿ ಇದೆಯಾ?" ಹೌದು.

"ಹೋದ ಸಲ ತಗೊಂಡ ಸ್ಪ್ಯಾನರ್ ವಾಪಸ್ ಕೊಟ್ರಾ?"

ಮ್ಯಾನೇಜರ್ ಬೆರಳು ನಿಂತಿತು. ಹಿಂದೆ ತಿರುಗಿದರು. ಸ್ಟೋರ್ ಕೀಪರ್ ಸೂರು ನೋಡ್ತಿದ್ರು. ಮ್ಯಾನೇಜರ್ ಮತ್ತೆ ಪರದೆ ಕಡೆ ತಿರುಗಿ ಹೌದು ಅಂತ ಒತ್ತಿದರು. ಆಗ ಇನ್ನೊಂದು ಸಾಲು ಬಂತು: "ಈಗ ಊಟದ ಟೈಮು. ಎರಡು ಗಂಟೆ ಮೇಲೆ ಬನ್ನಿ."

ನಾಗಸಂದ್ರಕ್ಕೆ ನಾವಿಬ್ಬರೂ ಒಟ್ಟಿಗೇ ಹೋಗ್ತೀವಿ ಅಂದ್ಕೊಂಡೆ. ಮ್ಯಾನೇಜರ್ ನನ್ನ ಕಡೆ ನೋಡಿ, "ಇದನ್ನ ಯಾರು ಬರೆದಿದ್ದು?" ಅಂದರು.

"ಇವರೇ ಸರ್. ಮಷೀನಿಗೂ ಇವರೇ ಕಲಿಸಿದ್ದು."

ಮ್ಯಾನೇಜರ್ ಮತ್ತೊಮ್ಮೆ ಪರದೆ ಓದಿದರು. ಮೀಸೆ ಕೆಳಗೆ ನಗು ಬಂದಿದ್ದು ನನಗೆ ಕಾಣಿಸ್ತು. "ಇವರನ್ನ ಎಲ್ಲಿಗೆ ಕಳಿಸಿ ಏನು ಪ್ರಯೋಜನ, ಇದರೊಳಗೂ ಇವರೇ ಕೂತಿದ್ದಾರೆ. ಆಯ್ತು, ಇಲ್ಲೇ ಇರ್ಲಿ. ಆದ್ರೆ ಆ ಊಟದ ಸಾಲು ಈಗಲೇ ತೆಗೀರಿ," ಅಂತ ಎದ್ದರು.

ಸ್ಟೋರ್ ಕೀಪರ್ ಕಣ್ಣು ಒರೆಸ್ಕೊಂಡರು. ಆಮೇಲೆ ತಮ್ಮ ಕುರ್ಚಿಯಲ್ಲಿ ಕೂತು, ಟಿಫನ್ ಡಬ್ಬಿ ಬಿಚ್ಚಿ, ಬಹಳ ಮರ್ಯಾದೆಯಿಂದ ಮ್ಯಾನೇಜರ್‌ಗೆ ಹೇಳಿದರು: "ಆಗ್ಲಿ ಸ್ವಾಮಿ, ತೆಗೀತೀನಿ. ಎರಡು ಗಂಟೆ ಮೇಲೆ ಬನ್ನಿ."