ನಮ್ಮ ಪಕ್ಷ ಏನನ್ನುತ್ತದೆ

ಒಂದು ಪಕ್ಷದ ಪರವಾಗಿ ಗಂಟಲು ಹರಿದುಕೊಳ್ಳುವವನಿಗೆ ಆ ಪಕ್ಷದ ನಿಲುವು ಗೊತ್ತಿರಬೇಕೆಂಬ ಕಟ್ಟಳೆಯೇನೂ ಇಲ್ಲ. ಇದ್ದಿದ್ದರೆ ಬೀರೂರಿನ ನನ್ನ ಹೊಲಿಗೆ ಅಂಗಡಿಯಲ್ಲಿ ನಡೆಯುವ ರಾಜಕೀಯ ಚರ್ಚೆ ಎಂದೋ ನಿಂತುಹೋಗುತ್ತಿತ್ತು. ನನ್ನ ನೆಮ್ಮದಿ ಕೆಡಿಸಿದವಳು ಹೆಂಡತಿ ಜಯಮ್ಮ. ಅವಳು ನಮ್ಮ ಬೀದಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಮಕ್ಕಳು ಕಡಿಮೆಯೆಂದು ಆ ಶಾಲೆಯನ್ನು ಮುಚ್ಚಿ ಇನ್ನೊಂದಕ್ಕೆ ಸೇರಿಸುತ್ತಾರೆಂಬ ಸುದ್ದಿ ಹಬ್ಬಿತ್ತು. ಹಾಗಾದರೆ ಅವಳ ಕೆಲಸವೂ ಹೋದಂತೆಯೇ.

"ಸ್ಕೂಲ್ ಮುಚ್ಚೋದ್ರ ಬಗ್ಗೆ ನಿಮ್ ಪಾರ್ಟಿಯೋರು ಏನಂತಾರೆ? ಅದನ್ನ ತಿಳ್ಕಂಡ್ ಬಂದು ಹೇಳಿ. ಆಮೇಲೆ ನನ್ ಓಟಿನ ಮಾತು," ಎಂದಳು.

ಅದೇನು ಮಹಾ ಎಂದು ಮೊಬೈಲ್ ಹಿಡಿದು ಕೂತೆ. ಪಕ್ಷದ ಪುಟದಲ್ಲಿ ನಾಯಕರಿಗೆ ಹಾರ ಹಾಕುವ ವಿಡಿಯೋಗಳಿದ್ದವು, ಅವರ ಹುಟ್ಟುಹಬ್ಬದ ಕೇಕಿತ್ತು, ಎದುರು ಪಕ್ಷದವರು ಎಂಥ ಅಯೋಗ್ಯರೆಂಬ ವಿವರ ಬೇಕಾದಷ್ಟಿತ್ತು. ಶಾಲೆಯ ಸುದ್ದಿಯೇ ಇಲ್ಲ. ಪೇಪರ್ ತಿರುವಿದರೆ, ನಮ್ಮವರ ನಿಲುವನ್ನು ಎದುರು ಪಕ್ಷದವರು ಹೇಳಿದ್ದರು. ನಮ್ಮವರು ಅದು ಅಪ್ಪಟ ಸುಳ್ಳೆಂದಿದ್ದರು. ಹಾಗಾದರೆ ನಿಜ ಯಾವುದೆಂದು ಇಬ್ಬರೂ ಹೇಳಿರಲಿಲ್ಲ. ತಲೆಕೆಟ್ಟು, ಅಂಗಡಿ ಬಾಗಿಲು ಹಾಕಿ ಕಡೂರಿನ ಬಸ್ಸು ಹತ್ತಿದೆ.

ಪಕ್ಷದ ಕಚೇರಿಯಲ್ಲಿ "ಪ್ರಣಾಳಿಕೆ ಇದ್ರೆ ಒಂದು ಕೊಡಿ" ಎಂದೆ. ಅಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಒಬ್ಬರು ಕುರ್ಚಿ ಎಳೆದರು, ಇನ್ನೊಬ್ಬರು ಕಾಫಿಗೆ ಹೇಳಿದರು. ಅಧ್ಯಕ್ಷರು ನನ್ನ ಕೈ ಹಿಡಿದು ಮೆಲ್ಲಗೆ, "ಯಾರ ಮೇಲಣ್ಣ ಬೇಜಾರು?" ಎಂದರು.

"ಬೇಜಾರಲ್ಲ, ಸ್ಕೂಲ್ ವಿಷ್ಯಕ್ಕೆ..."

"ಗೊತ್ತಾಯ್ತು ಕಣಣ್ಣ. ಹಳಬ್ರನ್ನ ನಾವು ಗಮನಿಸ್ಲಿಲ್ಲ. ತಪ್ಪು ನಮ್ದೇ."

ಪ್ರಣಾಳಿಕೆ ಕೇಳುವವನು ಪಕ್ಷ ಬಿಡುವ ಹವಣಿಕೆಯಲ್ಲಿರುತ್ತಾನೆ, ಇಲ್ಲವೇ ಅವನಿಗೊಂದು ಹುದ್ದೆ ಬೇಕಿರುತ್ತದೆ. ಓದುವುದಕ್ಕೆಂದು ಕೇಳಿದವನನ್ನು ಅವರು ಕಂಡೇ ಇರಲಿಲ್ಲ. ನಾನು ಶಾಲೆ ಎಂದಷ್ಟೂ ಅವರು ಸಮಾಧಾನ ಮಾಡಿದರು. ಮೈ ಪರಚಿಕೊಳ್ಳುವಂತಾಯಿತು. ಕೊನೆಗೆ ಹೆಗಲಿಗೊಂದು ಶಾಲು ಹೊದಿಸಿ, ಕೈಗೆ ನಾಯಕರ ಕ್ಯಾಲೆಂಡರ್ ಕೊಟ್ಟು, ಅಲ್ಲೇ ನನ್ನನ್ನು ಪಕ್ಷದ ಪ್ರಚಾರ ಸಮಿತಿಗೆ ಸೇರಿಸಿ ಕಳಿಸಿಕೊಟ್ಟರು.

ಶಾಲು ಹೊದ್ದು ಬಂದ ನನ್ನನ್ನು ಜಯಮ್ಮ ಮೇಲಿಂದ ಕೆಳಗೆ ನೋಡಿದಳು. "ಸ್ಕೂಲಿಂದು ಏನಾಯ್ತು?" ಎಂದಳು. "ಕೇಳ್ತಾ ಇದೀನಿ ಕಣೇ," ಎಂದೆ. ಅವಳು ಶಾಲನ್ನು ಎಳೆದು ಗೂಟಕ್ಕೆ ನೇತುಹಾಕಿದಳು.

ಮೂರ್ನಾಲ್ಕು ದಿನದ ಮೇಲೆ ಅಜ್ಜಂಪುರದಿಂದ ಒಬ್ಬರು ಮನೆಗೇ ಬಂದರು. ಅವರ ಊರಿನ ಶಾಲೆಗೂ ಇದೇ ಗತಿಯಂತೆ. "ಪಾರ್ಟಿ ಏನನ್ನುತ್ತೆ ಅಂತ ಕಡೂರಲ್ಲಿ ಕೇಳ್ದೆ ಸಾರ್. ಬೀರೂರಲ್ಲಿ ನಿಮ್ಮನ್ನೇ ಕೇಳ್ಬೇಕಂತೆ, ಎಲ್ಲಾ ನಿಮಗೇ ಗೊತ್ತು ಅಂದ್ರು," ಎಂದರು. ಶಾಲೆಗೆ ಹೊರಟಿದ್ದ ಜಯಮ್ಮ ಚಪ್ಪಲಿ ಮೆಟ್ಟಿದವಳು ಹಾಗೇ ಬಾಗಿಲಲ್ಲಿ ನಿಂತಳು. ಗೊತ್ತಿಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಶಾಲು ಅಲ್ಲೇ ಗೂಟದಲ್ಲಿ ನೇತಾಡುತ್ತಿತ್ತು. ನಾನು ಅವರಿಗೆ ಕುರ್ಚಿ ಎಳೆದು, ಕೈ ಹಿಡಿದುಕೊಂಡು, ಮೆಲ್ಲಗೆ ಕೇಳಿದೆ:

"ಯಾರ ಮೇಲೆ ಬೇಜಾರು, ಹೇಳಿ."

"ಕಾಫಿ ನೀವೇ ಕಾಯಿಸ್ಕಳಿ," ಎಂದು ಜಯಮ್ಮ ಮೆಟ್ಟಿಲಿಳಿದಳು.