ಕೈಕಾಲಿಗೆ ಬಿಸಿ ಮುಟ್ಟಿದ್ದು

ನನ್ನ ಕೈ ತಣ್ಣಗಿರುವುದು ನನ್ನ ತಪ್ಪಲ್ಲವೆಂದು ಎಷ್ಟು ಸಲ ಹೇಳಿದರೂ ಯಾರೂ ಒಪ್ಪುವುದಿಲ್ಲ. ಕೈ ಮಾತ್ರವಲ್ಲ, ಕಾಲೂ ಹಾಗೆಯೇ. ನಡುವಿನ ಭಾಗವೆಲ್ಲ ಸರಿಯಾಗಿದೆ; ಹೊಟ್ಟೆಯಂತೂ ಅಗತ್ಯಕ್ಕಿಂತ ಹೆಚ್ಚೇ ಕ್ಷೇಮವಾಗಿದೆ. ಆದರೆ ಹೃದಯದಿಂದ ಹೊರಟ ರಕ್ತ ಮೊಣಕೈವರೆಗೆ ಬಂದು, ಮುಂದಿನ ಪ್ರಯಾಣ ಯಾಕೋ ಬೇಡವೆನಿಸಿ, ಅಲ್ಲಿಂದಲೇ ಹಿಂತಿರುಗಿಬಿಡುತ್ತದೆಯೆಂದು ಕಾಣುತ್ತದೆ. ಮಗಳಿಗೆ ಜ್ವರ ಬಂದಾಗ ಹಣೆಯ ಮೇಲೆ ಕೈಯಿಟ್ಟರೆ ಸಾಕು, "ಅಪ್ಪಾ, ಜ್ವರ ಬಿಡ್ತು, ಕೈ ತೆಗಿ!" ಎಂದು ಕಿರುಚುತ್ತಾಳೆ.

ಮನೆಯಲ್ಲಾದರೆ ಹೇಗೋ ನಡೆದೀತು. ನನ್ನ ಉದ್ಯೋಗ ಕನ್ನಡಕದ ಅಂಗಡಿಯಲ್ಲಿ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಡ್ಡಿಗಳನ್ನು ಕಿವಿಯ ಹಿಂದೆ ಬೆರಳಿನಿಂದ ಒತ್ತಿ ನೋಡಿ, ಸಡಿಲವೋ ಬಿಗಿಯೋ ಎಂದು ತೀರ್ಪು ಕೊಡುವ ಘನವಾದ ಹುದ್ದೆ. ಕಿವಿಯ ಹಿಂದಿನ ಚರ್ಮ ಎಷ್ಟು ಸೂಕ್ಷ್ಮವೆಂಬುದು ನನ್ನ ಬೆರಳು ತಾಗಿದವರಿಗೇ ಗೊತ್ತು. ನನ್ನ ಕೈ ಬೆಚ್ಚಗಿಲ್ಲದ್ದರಿಂದ ಗಿರಾಕಿಗಳು ಬೆಚ್ಚಿ ಬೀಳುತ್ತಿದ್ದರು. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು "ಹಾವು!" ಎಂದು ಚೀರಿ ಕೈಚೀಲದಿಂದ ಬಾರಿಸಿದ ಮೇಲೆ ಮಾಲೀಕರು ನನ್ನನ್ನು ಒಳಗೆ ಕರೆದರು.

"ನೋಡಪ್ಪಾ, ಕಣ್ಣು ಪರೀಕ್ಷೆಗೆ ಮೊದಲೇ ಗಿರಾಕಿಗಳ ಕಣ್ಣಲ್ಲಿ ನೀರು ತರಿಸ್ತಿದ್ದೀಯ. ಮೊದಲು ಡಾಕ್ಟರ ಹತ್ರ ಹೋಗು."

ಹೋದೆ. ನಮ್ಮ ಬೀದಿಯ ಡಾಕ್ಟರು ಮಣಿಕಟ್ಟಿನ ನಾಡಿ ಹಿಡಿದರು, ಪಾದದ ನಾಡಿ ಹಿಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಕೊನೆಗೆ, "ಗಾಬರಿ ಬೀಳೋಂಥದ್ದೇನಿಲ್ಲ. ರಕ್ತಸಂಚಾರ ಸ್ವಲ್ಪ ನಿಧಾನ. ದಿನಾ ನಡೀರಿ, ಕೈಕಾಲು ಆಡಿಸ್ತಾ ಇರಿ, ಕಾಲ ಮೇಲೆ ಕಾಲು ಹಾಕ್ಕೊಂಡು ಗಂಟೆಗಟ್ಟಲೆ ಕೂರಬೇಡಿ, ಉಣ್ಣೆ ಕಾಲುಚೀಲ ಹಾಕ್ಕೊಳ್ಳಿ. ತಣ್ಣೀರಲ್ಲಿ ಕೈ ಅದ್ದಬೇಡಿ" ಎಂದರು.

ಇಷ್ಟು ಮಾತಿನಲ್ಲಿ ನನ್ನ ಕಿವಿ ಗಟ್ಟಿಯಾಗಿ ಹಿಡಿದುಕೊಂಡದ್ದು ಕೊನೆಯ ವಾಕ್ಯವನ್ನು. ಏಕೆಂದರೆ ನಮ್ಮ ಮನೆಯಲ್ಲಿ ಸಂಜೆಯ ಪಾತ್ರೆ ತೊಳೆಯುವ ಖಾತೆ ನನ್ನದು. (ಅಡುಗೆ ಖಾತೆ ನನ್ನ ಹೆಂಡತಿಯದು. ಹಣಕಾಸು, ಗೃಹ, ರಕ್ಷಣೆಗಳೂ ಅವಳವೇ.) ಅವಳು ಶಾಲೆಯಲ್ಲಿ ಆಟದ ಮೇಡಂ. ಐನೂರು ಮಕ್ಕಳನ್ನು ಒಂದೇ ಸೀಟಿಗೆ ಸಾಲಾಗಿ ನಿಲ್ಲಿಸುವವಳು. ಮನೆಗೆ ಬಂದಮೇಲೂ ಸೀಟಿ ಕೊರಳಲ್ಲೇ ಇರುತ್ತದೆ.

ಅಂದು ಸಂಜೆ ಅವಳು, "ಪಾತ್ರೆ ಹಾಗೇ ಬಿದ್ದಿದೆಯಲ್ಲ ರೀ?" ಎಂದಳು.

"ಡಾಕ್ಟರು ನೀರು ಮುಟ್ಟಬೇಡಿ ಅಂದಿದ್ದಾರೆ" ಎಂದೆ, ಆದಷ್ಟು ಕ್ಷೀಣ ಸ್ವರದಲ್ಲಿ.

"ನೀರನ್ನೇ?"

"ತಣ್ಣೀರನ್ನ. ನಮ್ಮ ನಲ್ಲೀಲಿ ಬರೋದು ಅದೇ ತಾನೆ?"

"ಮತ್ತೇನಂದ್ರು?"

"ಅಷ್ಟೇ."

ಆ ಎರಡಕ್ಷರದಿಂದ ನನ್ನ ಸುವರ್ಣಯುಗ ಪ್ರಾರಂಭವಾಯಿತು. ಡಾಕ್ಟರ ವಾಕ್ಯವನ್ನು ನಾನು ದಿನದಿನಕ್ಕೂ ವಿಸ್ತರಿಸುತ್ತ ಹೋದೆ. ನೆಲ ಒರೆಸುವ ಬಟ್ಟೆ ಅದರೊಳಗೆ ಬಂತು, ತರಕಾರಿ ತೊಳೆಯುವುದು ಬಂತು, ನಾಲ್ಕನೆಯ ದಿನ ಫ್ರಿಜ್ಜಿನ ಬಾಗಿಲು ತೆಗೆಯುವುದೂ ಬಂತು. ಎರಡೆರಡು ಕಾಲುಚೀಲ ತೊಟ್ಟು, ಕಾಲ ಮೇಲೆ ಕಾಲು ಹಾಕಿ, ಹೊದಿಕೆ ಹೊದ್ದು ಆರಾಮಕುರ್ಚಿಯಲ್ಲಿ ವಿರಾಜಮಾನನಾದೆ. ಶಾಲೆಯಿಂದ ದಣಿದು ಬಂದವಳು ಪಾತ್ರೆಯನ್ನೂ ತೊಳೆಯುವುದನ್ನು ಕಂಡು ಒಳಗೊಳಗೇ ಚುಚ್ಚಿದಂತಾಗುತ್ತಿತ್ತು. ಆದರೆ ಹೊದಿಕೆ ದಪ್ಪವಾಗಿದ್ದುದರಿಂದ ಅಷ್ಟಾಗಿ ನಾಟಲಿಲ್ಲ.

ತೊಂದರೆಯೇನೆಂದರೆ, ನನ್ನ ನಾಟಕವನ್ನು ನನ್ನ ದೇಹವೂ ನಂಬಿಬಿಟ್ಟಿತು. ಕೂತು ಕೂತು ಕೈಕಾಲು ಮೊದಲಿಗಿಂತ ತಣ್ಣಗಾದವು. ಮೂರನೆಯ ವಾರ ಪೊಲೀಸ್ ಅಧಿಕಾರಿಯೊಬ್ಬರ ಕಿವಿ ಮುಟ್ಟಿದ್ದೇ ತಡ, ಅವರು ಹೌಹಾರಿ ಎದ್ದರು. ಹೊಸ ಕನ್ನಡಕ ನೆಲಕ್ಕೆ ಬಿತ್ತು. ಅದರ ಮೇಲೆ ಅವರ ಬೂಟೂ ಬಿತ್ತು.

"ಮುಂದಿನ ತಿಂಗಳಿಂದ ನೀನು ಗೋದಾಮಲ್ಲಿ ಡಬ್ಬಿ ಜೋಡಿಸು. ಕೈ ಸರಿಹೋದ್ರೆ ವಾಪಸ್ ಬಾ" ಎಂದರು ಮಾಲೀಕರು. ಬೈದಿದ್ದರೆ ಬೇಸರವಾಗುತ್ತಿರಲಿಲ್ಲ, ಮೃದುವಾಗಿ ಹೇಳಿದರು. ಹತ್ತೊಂಬತ್ತು ವರ್ಷ ಜನರ ಮುಖ ನೋಡುತ್ತ ಬದುಕಿದವನು ನಾನು. ಕಣ್ಣು ಮಂಜಾಗಿ ಬಂದವರು ಹೊಸ ಕನ್ನಡಕ ಏರಿಸಿ "ಓಹೋ!" ಎಂದು ಬಾಯ್ಬಿಡುವುದನ್ನು ನೋಡದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಡಬ್ಬಿಗಳ ಜೊತೆ ಹೇಗೆ ಕಳೆಯಲಿ?

ಹೆಂಡತಿಗೆ ಹೇಳಿದೆ. ಅವಳು ನನ್ನ ಕೈಗಳನ್ನು ಹಿಡಿದು ತಿಕ್ಕತೊಡಗಿದಳು. ಅವಳ ಕಣ್ಣು ತುಂಬಿತ್ತು. ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಅವಳು ಶಾಲೆ ಬಿಟ್ಟವಳೇ ಸೀದಾ ಡಾಕ್ಟರಲ್ಲಿಗೆ ಹೋದಳು.

ಮನೆಗೆ ಬಂದಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ. ಬೇರೆ ಏನೋ ಇತ್ತು.

"ತಣ್ಣೀರು ಬೇಡ ಅಂದ್ರು, ಸರಿ. ಬಿಸಿನೀರೂ ಬೇಡ ಅಂದ್ರಾ?"

"ಅದು... ನೆನಪಿಲ್ಲ."

"ದಿನಾ ನಡೀಬೇಕು ಅಂದಿದ್ರಂತೆ. ಕೈಕಾಲು ಆಡಿಸ್ತಾ ಇರಬೇಕು ಅಂದಿದ್ರಂತೆ. ಇಷ್ಟೆಲ್ಲ ನಿಮ್ಮ 'ಅಷ್ಟೇ' ಒಳಗೆ ಎಲ್ಲಿ ಅಡಗಿತ್ತು ರೀ?"

ನಾನು ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡೆ. ಅವಳು ಅದನ್ನು ಕಾಲ ಕಡೆಯಿಂದ ಎಳೆದು ಮಡಿಚಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಮಾರನೆಯ ಬೆಳಗ್ಗೆ ಆರಕ್ಕೆ ಸೀಟಿ ಮೊಳಗಿತು. ಅಡುಗೆಮನೆಯ ಗೋಡೆಯ ಮೇಲೆ ವೇಳಾಪಟ್ಟಿ ಪ್ರಕಟವಾಗಿತ್ತು. ಮೆಟ್ಟಿಲು ಹತ್ತಿಳಿಯುವುದು: ಪಾದಕ್ಕೆ. ಹಿಟ್ಟು ನಾದುವುದು: ಬೆರಳಿಗೆ. ಬಟ್ಟೆ ಹಿಂಡುವುದು: ಮಣಿಕಟ್ಟಿಗೆ. ನೆಲ ಒರೆಸುವುದು: ಸರ್ವಾಂಗಕ್ಕೆ. ಪಾತ್ರೆ, ಬೆಚ್ಚನೆ ನೀರಲ್ಲಿ, ರಬ್ಬರ್ ಕೈಗವಸು ಹಾಕಿಕೊಂಡು: ಮನಸ್ಸಾಕ್ಷಿಗೆ.

"ಕೊನೇದು ಡಾಕ್ಟರು ಹೇಳಿದ್ದಾ?" ಎಂದೆ.

"ಅದು ನಾನು ಹೇಳಿದ್ದು" ಎಂದಳು.

ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ: ವೇಳಾಪಟ್ಟಿಯ ಐದನೆಯ ವಾರಕ್ಕೆ ನನ್ನ ಕೈ ಬೆಚ್ಚಗಾಯಿತು. ಎಂದೂ ಬೆರಳ ತುದಿಗೆ ಬಾರದ ರಕ್ತ ಅಲ್ಲಿಗೂ ಬಂದು ವಾಸ್ತವ್ಯ ಹೂಡಿತು. ಮಾಲೀಕರು ತಮ್ಮ ಕಿವಿಯನ್ನೇ ಒಡ್ಡಿ ಪರೀಕ್ಷಿಸಿ, ನನ್ನನ್ನು ಗೋದಾಮಿನಿಂದ ಮೇಲಕ್ಕೆ ಕರೆಸಿದರು. ಅಂದು ಫ್ರೇಮು ಕೂರಿಸುವಾಗ ಒಬ್ಬ ವೃದ್ಧರು ಹಾಯಾಗಿ ಕಣ್ಣು ಮುಚ್ಚಿಕೊಂಡು, "ಇನ್ನೊಂದು ಸ್ವಲ್ಪ ಒತ್ತಪ್ಪಾ" ಎಂದರು.

ರೋಗ ಹೋಯಿತೆಂದರೆ ಔಷಧಿಯೂ ನಿಲ್ಲಬೇಕಲ್ಲವೆ? ಗುಣವಾಗಿದೆಯೆಂದು ಡಾಕ್ಟರಿಂದ ಬರೆಸಿಕೊಂಡು ಬಂಧಮುಕ್ತನಾಗಲು ಹೊರಟೆ. ಹೆಂಡತಿಯೂ ಜೊತೆಗೆ ಬಂದಳು.

"ಭೇಷ್!" ಎಂದು ಡಾಕ್ಟರು ಕೈ ಕುಲುಕಿದರು. ನಾನು ಕುರ್ಚಿಯಿಂದ ಎಗರಿ ಬಿದ್ದೆ. ಕೈಯಲ್ಲ ಅದು, ಮಂಜುಗಡ್ಡೆ! ಹಿಂದಿನ ಸಲ ನನ್ನದೂ ಅಷ್ಟೇ ತಣ್ಣಗಿದ್ದುದರಿಂದ ಗೊತ್ತಾಗಿರಲಿಲ್ಲ.

"ಡಾಕ್ಟ್ರೇ, ನಿಮ್ಮ ಕೈ ಹೀಗೆ ಕೊರೀತಿದೆಯಲ್ಲ!" ಎಂದುಬಿಟ್ಟೆ. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಪರದೆಯ ಆಚೆ ಔಷಧಿ ಕಟ್ಟುತ್ತಿದ್ದ ಹೆಂಗಸು ಈಚೆ ಬಂದರು. ಡಾಕ್ಟರ ಹೆಂಡತಿ. "ಇವರದ್ದು ಇಪ್ಪತ್ತು ವರ್ಷದಿಂದ ಹೀಗೇ ಕಣಮ್ಮಾ. ತಣ್ಣೀರು ಆಗಲ್ಲ ಅಂತ ಮನೇಲಿ ಒಂದು ಲೋಟಾನೂ ತೊಳೆಯಲ್ಲ."

"ಅಯ್ಯೋ ಅಕ್ಕಾ, ಅದಕ್ಕೆ ಸುಲಭವಾದ ಚಿಕಿತ್ಸೆ ಇದೆ!" ಎಂದು ನನ್ನ ಹೆಂಡತಿ ಅಲ್ಲೇ ಕೂತು ವೇಳಾಪಟ್ಟಿಯನ್ನು ಪೂರ್ತಿ ಬರೆದುಕೊಟ್ಟಳು. ಆಕೆ ಅದನ್ನು ಓದುತ್ತ ಓದುತ್ತ ಗಂಡನ ಕಡೆ ನೋಡಿದರು. ಗಂಡ ನನ್ನ ಕಡೆ ನೋಡಿದರು. ಅದು ವೈದ್ಯರು ರೋಗಿಯನ್ನು ನೋಡುವ ನೋಟವಾಗಿರಲಿಲ್ಲ.

"ನಾನು ಇನ್ನು ಇದೆಲ್ಲ ನಿಲ್ಲಿಸಬಹುದಲ್ವಾ ಡಾಕ್ಟ್ರೇ?" ಎಂದು ಕೇಳಿದೆ.

ಅವರು ಚೀಟಿ ಎಳೆದುಕೊಂಡು ಒತ್ತಿ ಒತ್ತಿ ಬರೆದು, ನನಗಲ್ಲ, ನನ್ನ ಹೆಂಡತಿಯ ಕೈಗೆ ಕೊಟ್ಟರು. ಡಾಕ್ಟರಾಗಿದ್ದೂ ಅಂದು ಅಕ್ಷರಗಳನ್ನು ಮುತ್ತಿನಂತೆ ಬರೆದಿದ್ದರು. ಬೀದಿಯಲ್ಲಿ ನಿಂತು ಅವಳು ಗಟ್ಟಿಯಾಗಿ ಓದಿದಳು:

"ಪಾತ್ರೆ: ದಿನಕ್ಕೆ ಮೂರು ಸಲ, ಊಟದ ನಂತರ. ನೆಲ: ದಿನಕ್ಕೆ ಒಂದು ಸಲ, ಖಾಲಿ ಹೊಟ್ಟೆಯಲ್ಲಿ. ಜೀವನಪರ್ಯಂತ."